ಬಾಗಿಲ ಪಕ್ಕದ ಗಾಜು

ಚಿನ್ನಮನೂರು
11 ಮೇ 2025

ಅಕ್ಕಾ,

ನನ್ನ ಫೋನ್ ಎತ್ತುವುದಿಲ್ಲವೆಂದು ನೀನು ಹಠ ಹಿಡಿದು ವರ್ಷವಾಗುತ್ತಾ ಬಂತು. ಸರಿ, ಕಾಗದವನ್ನಾದರೂ ಒಡೆಯುತ್ತೀಯೋ ನೋಡೋಣ ಅಂತ ಕುಳಿತಿದ್ದೇನೆ. ಕೊಡೈಕಾನಲ್‌ನ ಅಂಚೆಯವನಿಗೆ ನನ್ನ ಮೇಲೆ ಕೋಪವಿಲ್ಲವಲ್ಲ, ತಂದು ಕೊಟ್ಟೇ ಕೊಡುತ್ತಾನೆ.

ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಪ್ಪ ಹೊಸೂರಿನ ಗುಲಾಬಿ ತೋಟದಲ್ಲಿ ಕೆಲಸಕ್ಕಿದ್ದಾಗ ಅಲ್ಲಿಯ ಶಾಲೆಯಲ್ಲಿ ನಾವಿಬ್ಬರೂ ತಿದ್ದಿದ ಅಕ್ಷರ. ನಿನ್ನ ಹಾಸ್ಟೆಲ್ ಅಡುಗೆಮನೆಯಲ್ಲಿ ಇದನ್ನು ಯಾರೂ ಕದ್ದು ಓದಲಾರರು. ನಾವು ಮನೆಯಲ್ಲಿ ಆಡುವ ಮಾತು ಇದಲ್ಲ ನಿಜ. ಆದರೆ ಪೆನ್ನು ಹಿಡಿದರೆ ನನಗೆ ಬರುವುದು ಮೇಷ್ಟ್ರು ಹೊಡೆದು ಕಲಿಸಿದ ಕನ್ನಡವೇ. ನಗಬೇಕೆನಿಸಿದರೆ ನಕ್ಕುಬಿಡು, ನೀನು ನಕ್ಕು ಬಹಳ ದಿನವಾಯಿತು.

ವಿಷಯಕ್ಕೆ ಬರುತ್ತೇನೆ. ನರ್ಸರಿಯ ಗಾಜಿನ ಮನೆಯ ಸೂರು ಬದಲಿಸಬೇಕು. ಅಪ್ಪ ಹೊಸೂರಿನಿಂದ ಲಾರಿಯಲ್ಲಿ ಹುಲ್ಲು ತುಂಬಿ ತಂದ ಗಾಜು ಇಷ್ಟು ಕಾಲ ಬಾಳಿದ್ದೇ ದೊಡ್ಡದು. ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು ಉಬ್ಬಿವೆ, ಅಂಚಿನ ಪುಟ್ಟಿ ಉದುರಿ ಹೋಗಿದೆ, ಗಾಳಿ ಬೀಸಿದರೆ ಒಂದೊಂದು ಗಾಜೂ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತದೆ. ದಿಂಡಿಗಲ್‌ನ ತಂಗರಾಜ್ ಬಂದು ನೋಡಿದ. ಸೂರು ಹಾಕುವುದೇ ಅವನ ಕಸುಬು. ಎಲ್ಲ ಗಾಜು ಇಳಿಸಿ ಪಾಲಿಕಾರ್ಬೊನೇಟ್ ಶೀಟು ಹೊದಿಸೋಣ ಅನ್ನುತ್ತಾನೆ. ಅದು ಹಾಲುಬಣ್ಣದ ಶೀಟು, ಬಿಸಿಲನ್ನು ತಾನೇ ತಡೆಯುತ್ತದೆ. ಬೇಸಿಗೆ ಬಂತೆಂದು ಮೇಲೆ ಹತ್ತಿ ಸುಣ್ಣ ಬಳಿಯಬೇಕಾಗಿಲ್ಲ. ಇನ್ನು ಮೇಲೆ ಯಾರೂ ಹತ್ತಬೇಕಾಗಿಲ್ಲ, ಅಕ್ಕಾ.

ಜುಲೈ ನಡುವಿಗೆ ಆಡಿ ತಿಂಗಳ ಗಾಳಿ ಶುರುವಾಗುವುದರೊಳಗೆ ಮುಗಿಯಬೇಕು. ಆದರೆ ಅವ್ವ ಅಡ್ಡ ನಿಂತಿದ್ದಾಳೆ. ನಮ್ಮವರ ಪದ್ಧತಿ ನಿನಗೆ ಗೊತ್ತೇ ಇದೆ. ಹಳೆ ಸೂರು ಇಳಿಸುವಾಗ ಮೊದಲು ಕೈಗೆ ಬಂದದ್ದನ್ನು ಮನೆಮಗಳು ಮಡಿಲೊಡ್ಡಿ ತೆಗೆದುಕೊಳ್ಳಬೇಕು, ಅದು ಹುಲ್ಲಾಗಲಿ, ಹೆಂಚಾಗಲಿ. ಇಲ್ಲದಿದ್ದರೆ ಹೊಸ ಸೂರು ನಿಲ್ಲುವುದಿಲ್ಲವಂತೆ. "ಅಭಿರಾಮಿ ಬರ್ದೆ ಒಂದ್ ಗಾಜು ಇಳಿಸ್ಬಾರ್ದು, ಆಮಾ" ಅಂತ ತಾನೇ ಹೌದೆಂದುಕೊಂಡು ಒಂದೇ ಮಾತು. ಗಾಜಿನ ಮನೆ ಮನೆಯಲ್ಲ, ಗಿಡಗಳ ಕೊಟ್ಟಿಗೆ ಅಂತ ವಾದ ಮಾಡಿ ನೋಡಿದೆ. ನಮ್ಮಿಬ್ಬರಿಗೂ ಅನ್ನ ಹಾಕಿದ ಸೂರು ಅದು ಅಂದಳು.

ಒಂದು ದಿನಕ್ಕೆ ಬಂದು ಹೋಗು. ಬೆಳಿಗ್ಗೆ ಬಂದರೆ ಸಂಜೆಯ ಬಸ್ಸಿಗೆ ನಾನೇ ಹತ್ತಿಸುತ್ತೇನೆ.

ನಿನ್ನ ತಮ್ಮ
ಸೇಕರ್


ಕೊಡೈಕಾನಲ್
24 ಮೇ 2025

ತಂಬಿ ಸೇಕರ್‌ಗೆ,

ಕಾಗದ ಬಂತು. ಇಲ್ಲಿ ಸೀಸನ್, ಊರು ತುಂಬ ಕಾರು. ಹಾಸ್ಟೆಲ್‌ನಲ್ಲಿ ಕೆಲಸದವರು ಕಡಿಮೆ.

ನಾನು ಬರುವುದಿಲ್ಲ.

ಅವ್ವನ ಮೊಣಕಾಲು ನೋವಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಲು ಹೇಳು.

ಅಭಿರಾಮಿ


ಚಿನ್ನಮನೂರು
2 ಜೂನ್ 2025

ಅಕ್ಕಾ,

ನಿನ್ನ ಕಾಗದ ಓದಲು ನನಗೆ ಹಿಡಿದಿದ್ದಕ್ಕಿಂತ ಹೆಚ್ಚು ಹೊತ್ತು ಅದರ ಮೇಲಿನ ಗೋಂದು ಬಿಡಿಸಲು ಹಿಡಿಯಿತು. ಅಡುಗೆಗೆ ಉಪ್ಪು ಸುರಿಯುವವಳು ಮಾತಿನಲ್ಲಿ ಮಾತ್ರ ಇಷ್ಟು ಜಿಪುಣಿ ಆಗಿದ್ದು ಯಾವಾಗ?

ಎಣ್ಣೆ ಸೇರಿತು. ಅವ್ವ ಅದನ್ನು ಹಚ್ಚುವುದಿಲ್ಲ. ಸೀಸೆಯನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡು ದಿನಾ ನೋಡುತ್ತಾಳೆ.

ನೀನು ಯಾಕೆ ಬರುವುದಿಲ್ಲ ಅಂತ ನನಗೆ ಗೊತ್ತು. ಸುಂದರ್ ಮಾಮ ಆ ಸೂರಿನ ಮೇಲಿಂದ ಬಿದ್ದದ್ದು. ನಿನ್ನ ಗಂಡನನ್ನು ನುಂಗಿದ ಸೂರಿಗೆ ಮಡಿಲೊಡ್ಡು ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆ ಗಾಜುಗಳನ್ನು ಕಂಡರೆ ನನಗೇ ಆಗುವುದಿಲ್ಲ. ಒಳಗೆ ಕೆಲಸ ಮಾಡುವಾಗ ತಲೆ ಎತ್ತುವುದನ್ನೇ ಬಿಟ್ಟಿದ್ದೇನೆ. ಅದಕ್ಕೇ ಅವು ಹೋಗಲಿ ಅನ್ನುವುದು. ಎಲ್ಲವೂ ಹೋಗಲಿ, ಒಂದು ಚೂರೂ ಉಳಿಯದ ಹಾಗೆ. ಆಗ ನೀನು ಊರಿಗೆ ಬರಬಹುದು, ನಿನ್ನ ಹಳೆಯ ಬೆಂಚಿನ ಮೇಲೆ ಕುಳಿತು ಮೊದಲಿನ ಹಾಗೆ ಕವರಿಗೆ ಮಣ್ಣು ತುಂಬಬಹುದು. ನಿನ್ನಷ್ಟು ಚೆನ್ನಾಗಿ ತುಂಬುವವರು ಇನ್ನೂ ಸಿಕ್ಕಿಲ್ಲ. ಈಗಿನ ಹೆಂಗಸರು ಮಣ್ಣನ್ನು ಒತ್ತಿ ಒತ್ತಿ ಇಟ್ಟಿಗೆ ಮಾಡುತ್ತಾರೆ.

ತಂಗರಾಜ್ ದಿನ ಬಿಟ್ಟು ದಿನ ಫೋನ್ ಮಾಡುತ್ತಾನೆ. ಅಕ್ಕ ಬರಲಿ ಅಂದರೆ, "ಆಡಿ ಕಾತ್ತು ಯಾರುಕ್ಕಾಗವುಂ ನಿಕ್ಕಾದು ಅಣ್ಣೇ" ಅನ್ನುತ್ತಾನೆ. ಆಡಿ ಗಾಳಿ ಯಾರಿಗಾಗಿಯೂ ನಿಲ್ಲುವುದಿಲ್ಲ, ಅವನು ಹೇಳುವುದು ಸರಿಯೇ. ಬೋಡಿಯ ಏಲಕ್ಕಿ ತೋಟದವರು ಹೇಳಿಟ್ಟ ಮೆಣಸಿನ ಬಳ್ಳಿಗಳೆಲ್ಲ ಆ ಸೂರಿನ ಕೆಳಗೇ ಇವೆ. ಆ ಗಾಜುಗಳ ಕೆಳಗೆ ಕೂತು ಕೆಲಸ ಮಾಡುವ ಹೆಂಗಸರೂ ಇದ್ದಾರೆ.

ಬರಲು ಮನಸ್ಸಿಲ್ಲದಿದ್ದರೆ ಒಂದು ಸೀರೆ ಕಳಿಸು. ನೀನು ಉಟ್ಟು ಬಿಟ್ಟದ್ದು ಸಾಕು. ಅದನ್ನೇ ಮಡಿಲು ಅಂದುಕೊಂಡು ಮೊದಲ ಗಾಜು ಅದರಲ್ಲಿ ಹಾಕುತ್ತೇವೆ. ಅವ್ವನನ್ನು ಒಪ್ಪಿಸುವುದು ನನ್ನ ಪಾಡು.

ಸೇಕರ್


ಕೊಡೈಕಾನಲ್
20 ಜೂನ್ 2025

ಸೇಕರ್,

ಸೀರೆ ಕಳಿಸುವುದಿಲ್ಲ.

ಜಿಪುಣಿ ಅಂದೆಯಲ್ಲ, ಇವತ್ತು ಧಾರಾಳವಾಗಿ ಬರೆಯುತ್ತೇನೆ. ಅವರು ಬಿದ್ದದ್ದು ಮಧ್ಯಾಹ್ನ. ತೇನಿಯ ಆಸ್ಪತ್ರೆಯಲ್ಲಿ ಉಸಿರು ನಿಂತದ್ದು ಸಂಜೆ. ಮಾರನೆಯ ದಿನ ಹೆಣ ತಂದಾಗ ನಾನು ಆಂಬುಲೆನ್ಸ್‌ನಿಂದ ಇಳಿದು ಮೊದಲು ನೋಡಿದ್ದು ಏನು ಗೊತ್ತಾ? ಸೂರಿನ ಮೇಲೆ ಹೊಸ ತಗಡು ಹೊಳೆಯುತ್ತಿತ್ತು. ಅವರು ಬಿದ್ದ ತೂತಿಗೆ ತಗಡು ಹೊಡೆಸಿದ್ದಿರಿ. ಬಿಸಿಲು ಬಿದ್ದು ಸಸಿ ಸುಟ್ಟುಹೋಗುತ್ತದೆ ಅಂತ. ನನ್ನ ಗಂಡ ಮನೆಗೆ ಬರುವ ಮೊದಲೇ ಅವನು ಹೋದ ದಾರಿ ಮುಚ್ಚಿದ್ದಿರಿ.

ಗಿಡ ಸಾಯಬಾರದು ಅನ್ನುವುದು ನನಗೂ ಗೊತ್ತು. ನಾನೂ ಆ ಅಪ್ಪನ ಮಗಳೇ. ಆದರೂ ಒಂದು ದಿನ ಬಿಡಬಹುದಿತ್ತು. ಅವತ್ತು ಕೆಲವು ಬಳ್ಳಿ ಸತ್ತಿದ್ದರೆ ನಾನು ಈ ಚಳಿಯಲ್ಲಿ ಬಂದು ಇಡ್ಲಿ ಬೇಯಿಸುತ್ತಿರಲಿಲ್ಲವೇನೋ.

ಈಗ ಮಿಕ್ಕದ್ದನ್ನೂ ತೆಗೆಯುವ ಆತುರ ನಿಮಗೆ. ಒಂದು ಚೂರೂ ಉಳಿಯದ ಹಾಗೆ ಅಂತ ಬರೆದಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ನಿದ್ದೆ ಇಲ್ಲ. ಯಾಕೆ ಅಂತ ಕೇಳಬೇಡ, ಬರೆಯಲು ಬರುವುದಿಲ್ಲ.

ಅವ್ವ ಅಡ್ಡ ನಿಂತಿರುವುದು ಒಳ್ಳೆಯದೇ. ನಿಲ್ಲಲಿ.

ಅಭಿರಾಮಿ


ಚಿನ್ನಮನೂರು
6 ಜುಲೈ 2025

ಅಕ್ಕಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎಷ್ಟು ಸಲ ಕೂತೆನೋ. ತಗಡಿನ ಮಾತು ನೀನು ಹೇಳಿದ ಹಾಗೆಯೇ ಇದೆ, ಅದಕ್ಕೆ ಸೇರಿಸುವುದು ಕಳೆಯುವುದು ಏನೂ ಇಲ್ಲ. ಇವತ್ತು ಬರೆಯುತ್ತಿರುವುದು ಬೇರೆ ಸುದ್ದಿ.

ಗಾಳಿ ಆಡಿ ತಿಂಗಳಿಗೆ ಕಾಯಲಿಲ್ಲ. ಹೋದ ವಾರ ಕಂಬಂ ಕಡೆಯಿಂದ ಎದ್ದು ಬಂದು ಒಂದೇ ಸಮನೆ ಬೀಸಿತು. ಬಾಳೆಗಳು ಮಲಗಿದವು. ಗಾಜಿನ ಮನೆಯ ಪಡುವಣ ಸಾಲು ಒಂದರ ಹಿಂದೆ ಒಂದು ಕಳಚಿ ಬಿತ್ತು. ಬಳ್ಳಿ ಕಟ್ಟುತ್ತಿದ್ದ ಹೆಂಗಸೊಬ್ಬಳಿಗೆ ತೋಳು ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಅವ್ವ ಆ ರಕ್ತ ನೋಡಿದಳು. "ಸಾಕು ಸಾಮಿ, ಇನ್ನೊಂದ್ ಜೀವ ಬೇಡ. ಇಳಿಸಿ ಬಿಡು" ಅಂದಳು. ಆಮೇಲೆ ಬಹಳ ಹೊತ್ತು ಅತ್ತಳು. ಮಾಮ ಹೋದಾಗಲೂ ಅವಳು ಹಾಗೆ ಅತ್ತದ್ದು ನಾನು ನೋಡಿರಲಿಲ್ಲ.

ತಂಗರಾಜ್ ಮಾರನೆಯ ದಿನವೇ ಆಳುಗಳನ್ನು ತಂದ. ಪದ್ಧತಿ ಬಿಟ್ಟೆವು ಅಂದುಕೊಳ್ಳಬೇಡ. ಮೊದಲು ಯಾವ ಗಾಜು ಇಳಿಸುವುದು ಅಂತ ಅವ್ವನೇ ತೋರಿಸಿದಳು. ಬಾಗಿಲ ಪಕ್ಕದ್ದು, ನಿನ್ನ ಬೆಂಚಿನ ನೆತ್ತಿಯ ಮೇಲಿನದು. ಅಷ್ಟು ವರ್ಷ ನೀನು ಕುಳಿತದ್ದು ಅದರ ಕೆಳಗಲ್ಲವೇ, ನಿನಗೆ ಸೇರಬೇಕಾದದ್ದು ಅದೇ ಅಂದಳು. ನೀನು ಮದುವೆಗೆ ಮುಂಚೆ ಉಡುತ್ತಿದ್ದ ಹಸಿರು ಸೀರೆ ಪೆಟ್ಟಿಗೆಯಲ್ಲಿತ್ತು. ಅದನ್ನು ತನ್ನ ಮಡಿಲ ಮೇಲೆ ಹಾಸಿಕೊಂಡು ಅವ್ವ ಗಾಜು ತೆಗೆದುಕೊಂಡಳು. "ನಾ ಈ ಮನೆ ಸೊಸೆ, ನಂಗೆ ಹಕ್ಕಿಲ್ಲ. ಅವ್ಳು ಬರೋವರ್ಗು ಹಿಡ್ಕೊಂಡಿದೀನಿ ಅಷ್ಟೇ" ಅಂತ ಆಕಾಶ ನೋಡಿ ಹೇಳಿದಳು. ನೀನು ಯಾವತ್ತು ಅದನ್ನು ನಿನ್ನ ಮಡಿಲಿಗೆ ತೆಗೆದುಕೊಳ್ಳುತ್ತೀಯೋ ಅವತ್ತು ಶಾಸ್ತ್ರ ಪೂರ್ತಿ ಆಗುತ್ತದಂತೆ.

ಮಿಕ್ಕ ಗಾಜು ಪೂರಾ ದಿಂಡಿಗಲ್‌ಗೆ ಗುಜರಿ ಲಾರಿಯಲ್ಲಿ ಹೋಯಿತು. ಆ ತಗಡೂ ಹೋಯಿತು. ನೀನು ಬಂದರೆ ನಿನ್ನ ಕಣ್ಣಿಗೆ ಏನೂ ಬೀಳುವುದಿಲ್ಲ.

ನಿನ್ನ ಗಾಜನ್ನು ನಾನೇ ತೊಳೆದೆ. ಧೂಳು, ಪಾಚಿ, ಜೇಡರ ಬಲೆ ಎಲ್ಲ ಇತ್ತು. ಒಳಮೈಯಲ್ಲಿ ಒಂದು ಕಡೆ ಸುಣ್ಣ ಕಲ್ಲಿನ ಹಾಗೆ ಹಿಡಿದಿತ್ತು. ಸುಣ್ಣಕ್ಕೆ ಗೋಂದು ಬೆರೆಸಿ ಬಳಿಯುತ್ತಿದ್ದೆವಲ್ಲ, ಹೇಗೋ ಒಳಗೂ ಮೆತ್ತಿಕೊಂಡಿದೆ. ನೀರಿಗೆ ಬಗ್ಗಲಿಲ್ಲ, ಸೋಪಿಗೂ ಬಗ್ಗಲಿಲ್ಲ. ಅವ್ವ ಹುಣಸೆಹಣ್ಣು ತಂದು ಕೊಟ್ಟಳು. "ಮಗಳ್ ಮಡಿಲಿಗೆ ಹಾಕೋದು, ಒಂದ್ ಕಲೆ ಇರ್ಬಾರ್ದು, ತಿಕ್ಕು ಪಾ" ಅಂದಳು. ಕೈ ಉರಿ ಬರುವವರೆಗೆ ತಿಕ್ಕಿದೆ. ಈಗ ಹಿಡಿದರೆ ಮಧ್ಯೆ ಗಾಜು ಇದೆ ಅಂತಲೇ ಗೊತ್ತಾಗುವುದಿಲ್ಲ. ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಇಟ್ಟು ಹಸಿರು ಸೀರೆಯಲ್ಲಿ ಸುತ್ತಿ ಇಟ್ಟಿದ್ದೇವೆ.

ನಿನಗೆ ಒಂದು ಚೂರು ಸಮಾಧಾನವಾದರೂ ಸಿಕ್ಕಲಿ ಅಂತ ಮಾಡಿದ್ದು, ಅಕ್ಕಾ.

ಸೇಕರ್


ಕೊಡೈಕಾನಲ್
7 ಜುಲೈ 2025

ಸೇಕರ್,

ಬರುತ್ತೇನೆ. ಮುಂದಿನ ಭಾನುವಾರಕ್ಕೆ ರಜೆ ಕೇಳಿದ್ದೇನೆ, ಕೊಟ್ಟಿದ್ದಾರೆ. ಇಲ್ಲಿ ಗಾಳಿ ಜೋರಾಗಿದೆ, ಅಲ್ಲಿ ಹೇಗಿದೆಯೋ ಅಂತ ಹೆದರಿಕೆ ಆಗುತ್ತದೆ. ಹೆಂಗಸರನ್ನು ಪಡುವಣ ಸಾಲಿನ ಕೆಳಗೆ ಕೂರಿಸಬೇಡ.

ಹೋದ ಸಲ ಬರೆಯಲು ಬರುವುದಿಲ್ಲ ಅಂದೆ. ಇವತ್ತು ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ತಿಳಿಯದೆ ಏನಾದರೂ ಮಾಡಿಬಿಡುತ್ತೀಯ. ಆ ಸೂರನ್ನು ಕಂಡರೆ ನನಗೆ ಆಗುವುದಿಲ್ಲ ಅಂತ ನೀನು ಅಂದುಕೊಂಡಿದ್ದೀಯ. ಹಾಗಲ್ಲ.

ಅವತ್ತು ಅರ್ಧ ಸೂರಿಗೆ ಸುಣ್ಣ ಬಳಿದು ಅವರು ನೀರು ಕುಡಿಯಲು ಇಳಿದು ಬಂದರು. ನಾನು ಬೆಂಚಿನ ಹತ್ತಿರ ಮಣ್ಣು ತುಂಬುತ್ತಿದ್ದೆ. ನೆರಳು ಸಾಕೋ ಇನ್ನೊಂದು ಸಲ ಬಳಿಯಬೇಕೋ ನೋಡುತ್ತೇನೆ ಅಂತ ಬೆಂಚು ಹತ್ತಿ ನಿಂತು, ಒದ್ದೆ ಸುಣ್ಣದ ಕೈಯನ್ನು ಹಾಗೇ ಗಾಜಿನ ಒಳಮೈಗೆ ಊರಿದರು. ಅಂಗೈ ಪೂರಾ ಮೂಡಿತು. ನಾನು ಬೈದೆ. "ಒಳಗೆಲ್ಲ ಗಲೀಜ್ ಮಾಡ್ತೀಯಲ್ಲ, ಕೈ ತೊಳ್ಕೊಂಡ್ ಬರಕಾಗಲ್ವಾ?" ಅಂದೆ. "ಸಾಯಂಕಾಲ ನಾನೇ ಒರಸಿ ಕೊಡ್ತೀನಿ, ಬಿಡು ತಾಯಿ" ಅಂತ ನಕ್ಕು ಮತ್ತೆ ಮೇಲೆ ಹೋದರು.

ನಾನು ಅವರಿಗೆ ಹೇಳಿದ ಕೊನೆಯ ಮಾತು ಅದು. ಅವರು ನನಗೆ ಹೇಳಿದ್ದೂ ಅದೇ.

ಆ ಕೈ ಅಲ್ಲೇ ಇದೆ. ಒಳಗಡೆ ಇರುವುದರಿಂದ ಮಳೆ ತಾಗಿಲ್ಲ. ಕಿರುಬೆರಳು ಸೊಟ್ಟಗಿದೆ, ಚಿಕ್ಕಂದಿನಲ್ಲಿ ಗಾಡಿಯಿಂದ ಬಿದ್ದು ಮುರಿದದ್ದು ನೆಟ್ಟಗೆ ಕೂಡಲಿಲ್ಲವಲ್ಲ, ಹಾಗೇ ಮೂಡಿದೆ. ಕರ್ಮದ ದಿನಗಳು ಮುಗಿಯುವವರೆಗೂ ನಾನು ದಿನಾ ಹೋಗಿ ಅದರ ಕೆಳಗೆ ನಿಂತು ಬರುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅವ್ವ ಪೂಜೆ ಶುರು ಮಾಡುತ್ತಾಳೆ, ನೀನು ಫೋಟೊ ತೆಗೆದು ಊರಿಗೆಲ್ಲ ಕಳಿಸುತ್ತೀಯ. ಅದು ನನ್ನದು ಅಂದುಕೊಂಡೆ. ಇಲ್ಲಿ ಬಂದ ಮೇಲೂ, ಆ ಸೂರು ಅಲ್ಲಿ ಇರುವವರೆಗೆ ಅವರ ಕೈ ಅಲ್ಲಿದೆ ಅನ್ನುವ ಧೈರ್ಯದಲ್ಲೇ ಬದುಕಿದ್ದೇನೆ.

ಅವರ ಫೋಟೊಗಳು ನನ್ನ ಹತ್ತಿರ ಇವೆ. ಅವುಗಳಲ್ಲಿ ಅವರು ಬೇರೆ ಯಾರೋ ಆಗಿ ಕಾಣುತ್ತಾರೆ. ಕೈ ಮಾತ್ರ ಅವರದೇ.

ಸೂರು ತೆಗೆ, ಬೇಡ ಅನ್ನುವುದಿಲ್ಲ. ಕೆಳಗೆ ಕೂರುವವರ ತಲೆಯೂ ತಲೆಯೇ. ಬಾಗಿಲ ಪಕ್ಕದ, ನನ್ನ ಬೆಂಚಿನ ಮೇಲಿನ ಗಾಜು ಒಂದನ್ನು ಮಾತ್ರ ನಾನು ಬರುವವರೆಗೆ ಯಾರೂ ಮುಟ್ಟಬಾರದು. ಅದನ್ನೇ ನಾನು ಮಡಿಲಿಗೆ ತೆಗೆದುಕೊಳ್ಳುತ್ತೇನೆ. ಒರಸಬೇಡಿ, ಧೂಳು ಕೂಡ ಕೊಡವಬೇಡಿ. ಅವ್ವನಿಗೂ ಹೇಳು, ನಾನು ಬಂದು ಶಾಸ್ತ್ರ ಮಾಡುತ್ತೇನೆ ಅಂತ. ಅವಳಿಗೆ ಸಂತೋಷವಾಗುತ್ತದೆ.

ನಿನ್ನ ಅಕ್ಕ
ಅಭಿರಾಮಿ


ಚಿನ್ನಮನೂರು
11 ಜುಲೈ 2025

ಅಕ್ಕಾ,

ಇಷ್ಟು ಹೊತ್ತಿಗೆ ನನ್ನ ಕಾಗದ ನಿನಗೆ ಸೇರಿರುತ್ತದೆ. ಅದನ್ನು ಓದುವ ಮೊದಲೇ ನೀನು ಬರೆದದ್ದು ನನಗೆ ಇವತ್ತು ಸೇರಿತು.

ಓದಿ ಮುಗಿಸಿ ಹೋಗಿ ಸೀರೆ ಬಿಚ್ಚಿ ನೋಡಿದೆ. ಬಿಸಿಲಿಗೆ ಹಿಡಿದೆ, ಓರೆ ಮಾಡಿ ಹಿಡಿದೆ, ಕೆಳಗೆ ಕರಿ ಬಟ್ಟೆ ಹಾಸಿ ನೋಡಿದೆ. ಏನೂ ಇಲ್ಲ. ಗಾಜನ್ನು ಬೋರಲು ಹಾಕಿಕೊಂಡು ತೊಳೆದೆ ಕಣಕ್ಕಾ. ಅದು ಕೈ ಅಂತ ನನಗೆ ಕಾಣಲೇ ಇಲ್ಲ. ಮೇಲೆ ಧೂಳು ಕಟ್ಟಿತ್ತು, ನೀರು ಬಿದ್ದ ಕೂಡಲೇ ಅದು ಕೆಸರಾಗಿ ಆಕಾರವನ್ನೇ ಮುಚ್ಚಿತು. ಒಂದು ವರ್ಷ ಅದರ ಕೆಳಗೆ ಓಡಾಡಿದ್ದೇನೆ. ಒಂದು ಸಲ ತಲೆ ಎತ್ತಿದ್ದರೆ ಸಾಕಿತ್ತು.

ಆಮೇಲೆ ಏನು ಮಾಡಿದೆ ಅಂತ ಹೇಳುತ್ತೇನೆ, ಬೈದುಬಿಡು. ಉಳಿದಿದ್ದ ಸುಣ್ಣಕ್ಕೆ ಗೋಂದು ಹಾಕಿ ಕಲಸಿದೆ. ಅಂಗೈ ಅದ್ದಿದೆ. ಕಿರುಬೆರಳನ್ನು ಸೊಟ್ಟಗೆ ಬಗ್ಗಿಸಿಯೂ ನೋಡಿದೆ. ಗಾಜಿನ ಹತ್ತಿರ ಒಯ್ದು ಊರಲು ಆಗಲಿಲ್ಲ. ಮಾಮನ ಕೈ ಎಷ್ಟು ದೊಡ್ಡದಿತ್ತು ಅಂತ ಆಗ ನೆನಪಾಯಿತು. ಕೈ ತೊಳೆದುಕೊಂಡು ಬಂದು ಇದನ್ನು ಬರೆಯುತ್ತಿದ್ದೇನೆ.

ಅವ್ವನಿಗೆ ಏನೂ ಹೇಳಿಲ್ಲ. ನೀನು ಬರುತ್ತೀಯ ಅಂತ ಮಾತ್ರ ಹೇಳಿದೆ. ಒಬ್ಬಟ್ಟಿಗೆ ಬೇಳೆ ಆರಿಸುತ್ತಾ ಕುಳಿತಿದ್ದಾಳೆ.

ಸೇಕರ್


ಕೊಡೈಕಾನಲ್
3 ಆಗಸ್ಟ್ 2025

ಸೇಕರ್,

ಹೇಳಿದ್ದ ಆ ಭಾನುವಾರ ನಾನು ಬರಲಿಲ್ಲ. ಹಿಂದಿನ ದಿನ ಶನಿವಾರವೇ, ಗಾಜು ತೊಳೆದೆ ಅಂತ ನೀನು ಬರೆದ ಕಾಗದ ಕೈಗೆ ಬಂದಿತ್ತು. ಓದಿದವಳು ಇಡ್ಲಿ ಪಾತ್ರೆಯ ಮುಂದೆ ಹಾಗೇ ನಿಂತಿದ್ದೆನಂತೆ, ನೀರು ಆರಿ ತಳ ಹತ್ತಿದ್ದು ಗೊತ್ತಾಗಲಿಲ್ಲ. ಎರಡನೆಯದು ಬಂದದ್ದು ಆಮೇಲೆ. ಕೆಟ್ಟ ಕೋಪ ಬಂತು. ನಿನ್ನನ್ನು ಬೈಯಲು ಎಷ್ಟೋ ಮಾತು ಜೋಡಿಸಿದೆ, ಯಾವುದೂ ಸಾಲಲಿಲ್ಲ.

ಮೊನ್ನೆ ಅವ್ವ ಬಂದಳು. ನೀನು ಜೊತೆಗೆ ಬರುತ್ತೇನೆ ಅಂದರೂ ಬೇಡ ಅಂದಳಂತೆ. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವವಳು, ಒಂದು ಕೈಯಲ್ಲಿ ನಿಂಬೆಹಣ್ಣು, ಮಡಿಲಲ್ಲಿ ಆ ಗಾಜು. ದಾರಿಯುದ್ದಕ್ಕೂ ಕೆಳಗಿಡಲಿಲ್ಲವಂತೆ. ಕಂಡಕ್ಟರ್ ಸೀಟಿನ ಕೆಳಗೆ ಇಡಿ ಅಂದದ್ದಕ್ಕೆ ಅವನ ಜೊತೆ ಜಗಳ ಆಡಿದಳಂತೆ. ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ನೋಡಿದಾಗ, ಎಷ್ಟು ಸಣ್ಣವಳಾಗಿದ್ದಾಳೆ ಅನ್ನಿಸಿತು.

ನನ್ನ ಕೋಣೆಯಲ್ಲಿ ಮಂಚದ ಮೇಲೆ ನನ್ನನ್ನು ಕೂರಿಸಿ ಮಡಿಲೊಡ್ಡು ಅಂದಳು. ಒಡ್ಡಿದೆ. ಸೀರೆ ಬಿಚ್ಚಿ ಗಾಜನ್ನು ಇಟ್ಟು, ಎರಡು ಕೈಯಿಂದ ನನ್ನ ಕೆನ್ನೆ ಸವರಿದಳು. "ಎಂಗೆ ಹೊಳೀತಿದೆ ನೋಡು. ತಂಬಿ ಕೈ ಉರಿಸ್ಕೊಂಡ್ ತಿಕ್ಕಿದ, ಪಾವಂ" ಅಂತ ಮರುಗಿದಳು. ಹೌದವ್ವ, ಚೆನ್ನಾಗಿದೆ ಅಂದೆ. ಅವಳ ಮುಖ ನೋಡಬೇಕಿತ್ತು ನೀನು. ವರ್ಷದಿಂದ ಹೊತ್ತದ್ದನ್ನು ಇಳಿಸಿದ ಹಾಗೆ ಗೋಡೆಗೆ ಒರಗಿ ಅಲ್ಲೇ ನಿದ್ದೆ ಹೋದಳು.

ಅವಳು ಮಲಗಿರುವಾಗ ಗಾಜಿನ ಮೇಲೆ ಬಾಯಿಂದ ಹಬೆ ಊದಿ ನೋಡಿದೆ. ಸುಣ್ಣ ಹಿಡಿದ ಕಡೆ ಗಾಜು ಒರಟಾಗಿರುತ್ತದೆ, ಹಬೆಗೆ ಗುರುತು ಕಾಣುತ್ತದೆ ಅಂತ ಅಪ್ಪ ಹೇಳುತ್ತಿದ್ದುದು ನೆನಪಿತ್ತು. ಮೂಲೆಯಿಂದ ಮೂಲೆಗೆ ಊದಿದೆ. ಎಲ್ಲ ಕಡೆ ಒಂದೇ ಸಮನಾಗಿ ಮಂಜಾಯಿತು, ಒಂದೇ ಸಮನಾಗಿ ಆರಿತು. ಸಾಯಂಕಾಲ ಒರಸಿ ಕೊಡುತ್ತೇನೆ ಅಂದಿದ್ದರು. ನೀನು ಒರಸಿಕೊಟ್ಟೆ.

ಗಾಜನ್ನು ಕಿಟಕಿಗೆ ಒರಗಿಸಿ ಇಟ್ಟಿದ್ದೇನೆ. ಸೂರು ನಿಲ್ಲುತ್ತದೆ, ಹೆದರಬೇಡ. ಬಳ್ಳಿಗಳು ಹೊಸ ಬೆಳಕಿಗೆ ಹೊಂದಿಕೊಳ್ಳುವವರೆಗೆ ನೀರು ಕಡಿಮೆ ಹಾಕು.

ಅವ್ವನಿಗೆ ಯಾವತ್ತೂ ಹೇಳಬೇಡ. ಹುಣಸೆಹಣ್ಣು ಕೊಟ್ಟವಳು ಅವಳು.

ಇನ್ನು ಮೇಲೆ ಕಾಗದ ಬರೆಯುವುದು ಬೇಡ. ಫೋನ್ ಮಾಡು, ಎತ್ತುತ್ತೇನೆ. ಎತ್ತದೆ ಇರಲು ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ.

ಅಕ್ಕ